ಕತ್ತೆಯ ಬೆನ್ನಿಗೆ ಆನೆಯ ಅಂಬಾರಿ

ಮಕ್ಕಳೇ, ಕೊಂಬುಗುಡ್ಡದ ಕಾಡಿನಲ್ಲಿ ಚೆಲುವಮ್ಮ ಎಂಬ ಮೊಲ ಇದ್ದಳು. ಅವಳಿಗೆ ಬಟಾಣಿ, ಅವರೆ, ಗುಲಗಂಜಿ ಎಂದು ಮೂರು ಮರಿಗಳು. ಮರಿಗಳೆಂದರೆ ಅವಳಿಗೆ ಪ್ರಾಣ. ಆದರೆ ನಾಲ್ಕು ಜನ ತನ್ನನ್ನು ನೋಡಬೇಕು ಎಂಬ ಹುಚ್ಚು ಮಾತ್ರ ವಿಪರೀತ. ಗರಿಕೆ ತಿನ್ನುವಾಗಲೂ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ಹೊರಳಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ಕಾಡಿಗೆ ಸೀಳುನಾಯಿಗಳ ಹಿಂಡು ಬಂತು. ಎರಡೇ ದಿನದಲ್ಲಿ ಪಕ್ಕದ ಪೊದೆಯ ಮೊಲಗಳೆಲ್ಲ ಕಾಣೆಯಾದವು. ಮರಿಗಳು ಉಳಿಯಬೇಕಾದರೆ ಗುಡ್ಡ ದಾಟಿ ಆಚೆಯ ಹುಲ್ಲುಗಾವಲು ಸೇರಲೇಬೇಕು. ಅಷ್ಟು ಎತ್ತರ ಹತ್ತುವ ಶಕ್ತಿ ಆ ಪುಟ್ಟ ಕಾಲುಗಳಿಗೆ ಇರಲಿಲ್ಲ.

ಎಲ್ಲರನ್ನೂ ಗುಡ್ಡ ದಾಟಿಸುವ ಕೆಲಸ ಆನೆ ದೊಡ್ಡವ್ವನದು. ಅವಳ ಬೆನ್ನ ಮೇಲೆ ಬಿದಿರಿನ ಅಂಬಾರಿ. ಎತ್ತರದ ಪೀಠ, ಮೇಲೊಂದು ಚಪ್ಪರ, ಎರಡೂ ಕಡೆ ಜೋತುಬಿದ್ದ ದೊಡ್ಡ ದೊಡ್ಡ ಬುಟ್ಟಿಗಳು. ಅಂಬಾರಿ ಬಂದರೆ ದಾರಿಯಲ್ಲಿದ್ದವರು ನಿಂತು ತಲೆಬಾಗಬೇಕು, ಅಂಬಾರಿಯಲ್ಲಿದ್ದವರು ಎದ್ದು ನಿಂತು ಮುಂಗಾಲು ಬೀಸಬೇಕು. ಅದು ಆ ಕಾಡಿನ ಪದ್ಧತಿ. ಚೆಲುವಮ್ಮ ದಾರಿಬದಿಯಲ್ಲಿ ನಿಂತು ಅದೆಷ್ಟೋ ಸಲ ತಲೆಬಾಗಿದ್ದಳು. ಮೇಲೆ ನಿಂತು ಮುಂಗಾಲು ಬೀಸುವ ಭಾಗ್ಯ ಒಂದು ಸಲವೂ ಬಂದಿರಲಿಲ್ಲ. ಅದೇ ಅವಳ ಕೊರಗು.

ಆದರೆ ದೊಡ್ಡವ್ವನ ಜೊತೆ ಹೋಗುವುದು ಸುಲಭವಲ್ಲ. ಅವಳಿಗೆ ದಾರಿಯುದ್ದಕ್ಕೂ ಹೊರೆಗಟ್ಟಲೆ ಮೇವು ಬೇಕು, ಅದನ್ನು ಕೂತವರೇ ಒದಗಿಸಬೇಕು. ಹತ್ತಬೇಕೆಂದರೆ ಮೊದಲು ಮರ ಏರಬೇಕು. ಅವಳು ಅಗಲದ ದಾರಿಯಲ್ಲೇ ಸುತ್ತಿಕೊಂಡು ಹೋಗುವುದರಿಂದ ಆಚೆ ಮುಟ್ಟಲು ಮೂರು ದಿನ.

ಅದೇ ಕಾಡಿನಲ್ಲಿ ದುಂಡಪ್ಪ ಎಂಬ ಕತ್ತೆಯಿದ್ದ. ಬಂಡೆಗಳ ನಡುವಿನ ಕಿರಿದಾದ ಅಡ್ಡದಾರಿ ಅವನಿಗೆ ಅಂಗೈಯಷ್ಟೇ ಪರಿಚಯ. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಆಚೆ ಬಿಡುತ್ತೇನೆ ಎಂದು ಕಂಡಕಂಡವರನ್ನು ಕರೆಯುತ್ತಿದ್ದ. ಯಾರೂ ಹತ್ತುತ್ತಿರಲಿಲ್ಲ. ಕತ್ತೆಯ ಮೇಲೆ ಕೂತು ಹೋದವರಿಗೆ ಯಾರು ತಲೆಬಾಗುತ್ತಾರೆ ಹೇಳಿ?

ದುಂಡಪ್ಪನಿಗೆ ಅವಮಾನ ತಡೆಯಲಾಗಲಿಲ್ಲ. ಮುಸುವ ಕೋತಿಗಳ ಕೈಕಾಲು ಹಿಡಿದು, ದೊಡ್ಡವ್ವನದರಂಥದ್ದೇ ಒಂದು ಅಂಬಾರಿ ಕಟ್ಟಿಸಿಕೊಂಡು, ಒಂದು ಮುಂಜಾನೆ ಆಲದ ಮರದ ಕೆಳಗೆ ಬಂದು ನಿಂತ. ಕಾಡಿಗೆ ಕಾಡೇ ದಂಗಾಯಿತು. ಅದೇ ಪೀಠ, ಅದೇ ಚಪ್ಪರ, ಅವೇ ಬುಟ್ಟಿಗಳು. ಅಡಿಯಲ್ಲಿ ನೋಡಿದರೆ ನಾಲ್ಕು ಸಣಕಲು ಕಾಲು!

"ಆನೆಯ ಠೀವಿ, ಕತ್ತೆಯ ಮೇವು! ಬನ್ನಿ, ಬನ್ನಿ!" ಎಂದು ದುಂಡಪ್ಪ ಕೂಗಿದ.

ಚೆಲುವಮ್ಮ ಕಣ್ಣು ಮಿಟುಕಿಸುವುದನ್ನೂ ಮರೆತಳು. ಅಂಬಾರಿಗೆ ಅಂಬಾರಿಯೂ ಆಯಿತು, ಮಧ್ಯಾಹ್ನದೊಳಗೆ ಆಚೆ ಸೇರಿದಂತೆಯೂ ಆಯಿತು. ಇನ್ನೇನು ಬೇಕು?

ಅಲ್ಲಿಗೆ ಮುಂಗುಸಿ ಕಾಳವ್ವ ನೀರಿಗೆಂದು ಬಂದಿದ್ದಳು. ಅವಳ ಬಿಲ ಆ ಅಡ್ಡದಾರಿಯ ಮೂರನೇ ತಿರುವಿನಲ್ಲೇ ಇತ್ತು. ಅವಳು ಅಂಬಾರಿಯನ್ನು ಮೇಲಿಂದ ಕೆಳಗೆ ನೋಡಿ, "ಚೆಲುವಕ್ಕ, ಬರೀ ಬೆನ್ನಲ್ಲಾದ್ರೆ ಈ ದಾರಿಗೆ ದುಂಡಪ್ಪನೇ ಸರಿ, ಆನೆಗೂ ಆಗದ ಕೆಲಸ ಅದು. ಇದನ್ನ ಯಾಕೆ ಹೊರಿಸ್ತೀರಿ?" ಎಂದಳು. ಇವಳಿಗೆ ಹೊಟ್ಟೆಕಿಚ್ಚು ಎಂದುಕೊಂಡ ಚೆಲುವಮ್ಮ ಮುಖ ತಿರುಗಿಸಿ ಅಂಬಾರಿಯ ಕಡೆ ನಡೆದಳು.

ದುಂಡಪ್ಪನಿಗೂ ಒಳಗೊಳಗೇ ಅಳುಕಿತ್ತು. ಅವನು ದನಿ ತಗ್ಗಿಸಿ, "ಅಕ್ಕ, ದಾರಿ ಕಿರಿದು. ಬೇಕಾದ್ರೆ ಇದನ್ನ ಇಲ್ಲೇ ಇಳಿಸಿಬಿಡ್ತೀನಿ" ಎಂದ.

"ಇಳಿಸೋದಾದ್ರೆ ನಾನ್ಯಾಕೆ ಹತ್ತಲಿ?" ಎಂದಳು ಚೆಲುವಮ್ಮ.

ಎಷ್ಟೋ ದಿನದ ಮೇಲೆ ಸಿಕ್ಕ ಮೊದಲ ಸವಾರಿ. ಕಳೆದುಕೊಳ್ಳಲು ಅವನಿಗೂ ಮನಸ್ಸಾಗಲಿಲ್ಲ, ಬಗ್ಗಿ ತಾಯಿಯನ್ನೂ ಮರಿಗಳನ್ನೂ ಹತ್ತಿಸಿಕೊಂಡ.

ಹೊರಟರು. ಮೊದಲ ತಿರುವು ಹೇಗೋ ಕಳೆಯಿತು. ಎರಡನೆಯದರ ಹೊತ್ತಿಗೆ ಗಾಳಿ ಚಪ್ಪರಕ್ಕೆ ಬಡಿದು ಅಂಬಾರಿ ತೊಟ್ಟಿಲಿನಂತೆ ತೂಗಾಡತೊಡಗಿತು. ಬುಟ್ಟಿಗಳು ಬಂಡೆಗೆ ಉಜ್ಜುತ್ತಿದ್ದವು. ದುಂಡಪ್ಪ ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಗುಲಗಂಜಿ ತಾಯಿಯ ಬಾಲ ಜಗ್ಗಿ ಏನೋ ಕೇಳಿದಳು. ಚೆಲುವಮ್ಮನ ಕಣ್ಣೆಲ್ಲ ಮುಂದಿನ ತಿರುವಿನ ಮೇಲೆ. "ಹೂಂ, ಹೂಂ" ಎಂದಳು, ತಿರುಗಿ ನೋಡಲಿಲ್ಲ.

ಮೂರನೇ ತಿರುವಿನಲ್ಲಿ, ಒಳದಾರಿಯಿಂದ ಮೊದಲೇ ಮನೆ ಸೇರಿದ್ದ ಕಾಳವ್ವ ಮಕ್ಕಳ ಜೊತೆ ಬಿಲದ ಮುಂದೆ ನಿಂತಿದ್ದಳು. ಮನಸ್ಸಿನಲ್ಲಿ ಏನೇ ಇರಲಿ, ಪದ್ಧತಿ ಬಿಡಲಾದೀತೇ? ಅಂಬಾರಿ ಬಂತೆಂದು ಎಲ್ಲರೂ ಸಾಲಾಗಿ ತಲೆಬಾಗಿದರು.

ಚೆಲುವಮ್ಮನ ಎದೆ ಉಬ್ಬಿತು. ಹುಟ್ಟಿದಂದಿನಿಂದ ಕಾದಿದ್ದ ಗಳಿಗೆ ಅದು. ಅವಳು ಪೀಠದ ತುದಿಗೆ ಹಾರಿ, ಹಿಂಗಾಲ ಮೇಲೆ ನೆಟ್ಟಗೆ ನಿಂತು, ಎರಡೂ ಮುಂಗಾಲು ಬೀಸಿದಳು.

ಆನೆಯ ಬೆನ್ನಾಗಿದ್ದರೆ ಅದು ಗೊತ್ತೂ ಆಗುತ್ತಿರಲಿಲ್ಲ. ಕತ್ತೆಯ ಬೆನ್ನು ನೋಡಿ! ಅಂಬಾರಿ ಕಣಿವೆಯ ಕಡೆಗೆ ವಾಲಿತು. ದುಂಡಪ್ಪನ ಗೊರಸು ಜಾರಿತು, ಮಂಡಿಯೂರಿ ಬಿದ್ದ. ಕಟ್ಟಿದ್ದ ಬಳ್ಳಿ ಪಟ್ಟೆಂದು ಹರಿಯಿತು. ಚೆಲುವಮ್ಮ ದಿಕ್ಕೆಟ್ಟು ನೆಗೆದು ಬಂಡೆಯ ಮೇಲೆ ಬಿದ್ದಳು. ಪೀಠ, ಚಪ್ಪರ, ಬುಟ್ಟಿ ಎಲ್ಲವೂ ಅವಳ ಕಣ್ಣೆದುರೇ ಕಣಿವೆಗೆ ಉರುಳಿದವು. ಕೆಳಗಿನಿಂದ ಬಿದಿರು ಮುರಿಯುವ ಸದ್ದು ಕೇಳಿತು. ಆಮೇಲೆ ಅದೂ ನಿಂತಿತು.

ಚೆಲುವಮ್ಮ ಕಣಿವೆಯ ಅಂಚಿಗೆ ಓಡಿ ಕೆಳಗೆ ಇಣುಕಿದಳು. ಕಾಳವ್ವ ಬಗ್ಗಿಸಿದ ತಲೆಯನ್ನು ಎತ್ತುವುದನ್ನೇ ಮರೆತಿದ್ದಳು. ಸೀಳುನಾಯಿಯ ಬಾಯಿಂದ ತಪ್ಪಿಸಿ ತಂದ ಮರಿಗಳನ್ನು ನಾನೇ ಕಣಿವೆಗೆ ಹಾಕಿದೆನಲ್ಲ, ಬೀಸಿದ ಈ ಕಾಲು ಮುರಿದುಹೋಗಬಾರದಿತ್ತೇ ಎಂದು ಚೆಲುವಮ್ಮನ ಕರುಳು ಕಿತ್ತುಬಂತು.

"ಅಕ್ಕ, ಈ ಕಡೆ ನೋಡಿ" ಎಂದ ದುಂಡಪ್ಪ. ಅವನ ಬಗ್ಗಿಸಿದ ಕತ್ತಿನ ಕೂದಲಿಗೆ ಮೂರೂ ಮರಿಗಳು ಜೋತುಬಿದ್ದಿದ್ದವು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು.

ಚೆಲುವಮ್ಮ ಅವುಗಳನ್ನು ಬಾಚಿ ತಬ್ಬಿಕೊಂಡಳು. ಮೂಸಿದಳು, ನೆಕ್ಕಿದಳು, ಮತ್ತೆ ಮೂಸಿದಳು. ಇವು ಅಂಬಾರಿಯಿಂದ ಇಳಿದದ್ದು ಯಾವಾಗ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಮೇಲೆ ಹೊಟ್ಟೆ ತೊಳಸ್ತಿತ್ತಮ್ಮ" ಎಂದಳು ಗುಲಗಂಜಿ. "ಕೆಳಗೆ ಇಳಿದು ಮೂವರೂ ದುಂಡಪ್ಪ ಮಾವನ ಕತ್ತು ಹಿಡ್ಕೊಳ್ಳೋದಾ ಅಂತ ಕೇಳ್ದೆ. ನೀನೇ ಹೂಂ ಅಂದೆಯಲ್ಲ."

ಚೆಲುವಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಕೇಳಿಸಿಕೊಳ್ಳದೆ ಅಂದ ಒಂದು 'ಹೂಂ' ಮರಿಗಳನ್ನು ಉಳಿಸಿತ್ತು. ಕೇಳಿಸಿಕೊಂಡಿದ್ದರೆ, ಅಂಬಾರಿ ಬಿಟ್ಟು ಕತ್ತೆಯ ಕತ್ತಿಗೆ ಜೋತುಬೀಳುವುದೇ ಎಂದು ಖಂಡಿತ ಗದರಿ ಕೂರಿಸುತ್ತಿದ್ದಳು. ಅದನ್ನು ನೆನೆದು ಅವಳು ಮರಿಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

ದುಂಡಪ್ಪ ಮಂಡಿಯ ಗಾಯ ನೆಕ್ಕಿಕೊಂಡು ಎದ್ದ. ತಪ್ಪು ತನ್ನದೂ ಹೌದೆಂದು ಒಪ್ಪಿಕೊಂಡು, ಬರೀ ಬೆನ್ನನ್ನು ಬಂಡೆಗೆ ಒತ್ತಿ ನಿಂತ. ಚೆಲುವಮ್ಮ ಮರಿಗಳನ್ನು ಮುಂದೆ ಕೂರಿಸಿಕೊಂಡು ಹತ್ತಿದಳು. ಈಗ ನೋಡಿ, ಗಾಯದ ಕಾಲಲ್ಲೂ ಅವನು ಎಲ್ಲಿಯೂ ನಿಲ್ಲಲಿಲ್ಲ, ಎಲ್ಲಿಯೂ ಜಾರಲಿಲ್ಲ. ಮಧ್ಯಾಹ್ನಕ್ಕೆ ಮುಟ್ಟಿಸುತ್ತೇನೆಂದು ಹೇಳಿದ್ದ ಹುಲ್ಲುಗಾವಲು ಅದಕ್ಕೂ ಮೊದಲೇ ಕಣ್ಣಿಗೆ ಬಿತ್ತು. ದಾರಿಯಲ್ಲಿ ಎದುರಾದ ಮುಳ್ಳುಹಂದಿ ತಲೆಬಾಗಲಿಲ್ಲ. ಚೆಲುವಮ್ಮ ಅದನ್ನು ಗಮನಿಸಲೂ ಇಲ್ಲ.

ಇಳಿಜಾರಿನಲ್ಲಿ ಗುಲಗಂಜಿ ಮತ್ತೇನೋ ಕೇಳಿದಳು. ಚೆಲುವಮ್ಮ ಈ ಸಲ ಹೂಂ ಎನ್ನಲಿಲ್ಲ. ಕಿವಿಯನ್ನು ಮರಿಯ ಬಾಯಿಯ ಹತ್ತಿರಕ್ಕೆ ತಂದು, "ಏನಂದೆ ಮಗಳೇ? ಇನ್ನೊಂದು ಸಲ ಹೇಳು" ಎಂದಳು.

ನೀತಿ: ಶಕ್ತಿ ಚಿಕ್ಕದಾಗಿದ್ದರೆ ತಪ್ಪಲ್ಲ, ಅದರ ಮೇಲೆ ದೊಡ್ಡವರ ಠೀವಿ ಹೇರಿದರೆ ಹೊತ್ತವರಿಗೂ ಅಪಾಯ, ಕೂತವರಿಗೂ ಅಪಾಯ.