ಎಣ್ಣೆ ಹಚ್ಚಿದ ಗೂಟ

ಒಂದು ಕಾಡಿನಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ಪ್ರಾಣಿಗಳ ಹಳೆಯ ದಕ್ಕೆಯಿತ್ತು. ದೋಣಿ ಕಟ್ಟಲು ಅಲ್ಲಿ ಒಂದೇ ಗೂಟ, ಹಗ್ಗ ಉಜ್ಜಿ ಉಜ್ಜಿ ಅದರ ಮೈತುಂಬ ಗೆರೆ. ಇಳಿತದ ಸೆಳೆತಕ್ಕೆ ಸಿಕ್ಕ ದೋಣಿ ನೇರ ಬಂಡೆಗೆ ಬಡಿಯುತ್ತಿತ್ತು. ಅದಕ್ಕೇ ಒಂದು ರೂಢಿ. ದೋಣಿಯಿಂದ ಹಗ್ಗ ಬಂದರೆ ದಕ್ಕೆಯ ಮೇಲಿದ್ದವರು ಬಾಯಲ್ಲಿದ್ದುದನ್ನು ಬಿಟ್ಟು ಅದನ್ನು ಹಿಡಿಯಬೇಕು, ಗೂಟಕ್ಕೆ ಸುತ್ತಬೇಕು. ಬರುತ್ತಿರುವುದು ಶತ್ರುವಾದರೂ ಸರಿ. ಮರಿಗಳಿಗೂ ಗೊತ್ತಿದ್ದ ಮಾತು.

ನರಿಗೂ ಗೊತ್ತಿತ್ತು. ಆದರೆ ಕೆಲಸವೆಂದರೆ ಅದಕ್ಕೆ ಆಗದು. ಒಳಕಾಡಿನ ಪ್ರಾಣಿಗಳು ಸಮುದ್ರ ನೋಡಲು ಬರುವುದನ್ನು ಕಂಡು, ಅದು ಮುತ್ತಜ್ಜನ ದೋಣಿಯನ್ನು ದಕ್ಕೆಯ ಪಕ್ಕ ತಂದಿಟ್ಟು ಇತಿಹಾಸ ಹೇಳತೊಡಗಿತು.

"ಇಲ್ಲಿಂದಲೇ ಆನೆಗಳು ಹಡಗು ಹತ್ತುತ್ತಿದ್ದವು. ನಮ್ಮ ಮುತ್ತಜ್ಜನೇ ದಾರಿ ತೋರಿಸುತ್ತಿದ್ದ."

ಒಂದು ಕಥೆಗೆ ಒಂದು ಹಣ್ಣು. ಗೂಟ ಮಿರಿಮಿರಿ ಮಿಂಚಲೆಂದು ದಿನವೂ ಮೀನೆಣ್ಣೆ ತಿಕ್ಕಿತು. "ಪರಂಪರೆ. ಯಾರೂ ಮುಟ್ಟಬೇಡಿ" ಎಂದಿತು.

ಒಂದು ಸಂಜೆ ನೀರುನಾಯಿ ಮೀನು ತುಂಬಿಕೊಂಡು ಬಂದು ಹಗ್ಗ ಎಸೆಯಿತು. ನರಿಯ ಬಾಯಲ್ಲಿ ಹಲಸಿನ ತೊಳೆಯಿತ್ತು. ಅದು ಕದಲಲಿಲ್ಲ. ಹಗ್ಗ ನೀರಿಗೆ ಬಿತ್ತು. ದೋಣಿ ಬಂಡೆಗೆ ಬಡಿದು ತಳ ಒಡೆಯಿತು. ನೀರುನಾಯಿಗೆ ಇದ್ದದ್ದು ಅದೊಂದೇ ದೋಣಿ. ಮರಿಗಳು ಹಸಿದಿದ್ದವು.

"ಹಗ್ಗ ಯಾಕೆ ಹಿಡಿಯಲಿಲ್ಲವೋ?" ಎಂದಿತು ಮುದಿ ಕೊಕ್ಕರೆ.

"ನಾನು ಇತಿಹಾಸ ಹೇಳುತ್ತಿದ್ದೆ ಅಜ್ಜ. ಹಗ್ಗ ಹಿಡಿಯುವುದು ಕೂಲಿ ಕೆಲಸ."

"ಆ ಗೂಟಕ್ಕೆ ಗೆರೆ ಬಿದ್ದದ್ದು ಹೇಗೆ? ನಿನ್ನ ಕಥೆ ಕೇಳಿಯೋ?"

ನರಿ ಇನ್ನೊಂದು ತೊಳೆ ಬಿಡಿಸಿಕೊಂಡಿತು. ಅದಕ್ಕೆ ಹೇಳಿ ಪ್ರಯೋಜನವಿಲ್ಲವೆಂದು ಕೊಕ್ಕರೆ ಹಾರಿಹೋಯಿತು.

ಮರುದಿನ ಕರಡಿ ಒಂದು ಇಡೀ ಜೇನುಗೂಡು ತಂದಿತು. "ಕಥೆ ಸಾಕು ಮಾರಾಯ. ಆ ದೋಣಿ ನಡೆಸಿ ತೋರಿಸು, ಜೇನು ನಿನ್ನದೇ."

ಜೇನಿನ ಆಸೆಗೆ ನರಿ ದೋಣಿ ಹತ್ತಿತು. ಇಳಿತ ಶುರುವಾಗಿತ್ತು. ಸೆಳೆತ ದೋಣಿಯನ್ನು ತಿರುಗಿಸಿತು. ನರಿ ಹೆದರಿ ಹಗ್ಗ ಎಸೆಯಿತು.

ದಕ್ಕೆಯ ಮೇಲೆ ನೀರುನಾಯಿ ಇತ್ತು. ಬಾಯಲ್ಲಿ ಮರಿಗಳಿಗೆಂದು ಹಿಡಿದ ಒಂದು ಮೀನು. ಮೀನು ಬಿಟ್ಟು ಹಗ್ಗ ಕಚ್ಚಿತು, ಗೂಟಕ್ಕೆ ಸುತ್ತಿತು. ಎಣ್ಣೆಗೆ ಹಗ್ಗ ಜಾರಿತು. ಮತ್ತೆ ಸುತ್ತಿತು. ಮತ್ತೆ ಜಾರಿತು.

"ಬಿಗಿಯಾಗಿ ಕಟ್ಟು ಮಾರಾಯ" ಎಂದು ನರಿ ಕೂಗಿತು.

"ನಿನ್ನ ಪರಂಪರೆಯ ಮೇಲೆ ಹಗ್ಗ ನಿಲ್ಲುತ್ತಿಲ್ಲ" ಎಂದಿತು ನೀರುನಾಯಿ.

ಮುತ್ತಜ್ಜನ ದೋಣಿ ಬಂಡೆಗೆ ಬಡಿದು ಚೂರಾಯಿತು. ನೀರುನಾಯಿ ನೀರಿಗೆ ಹಾರಿ ನರಿಯ ಕತ್ತು ಕಚ್ಚಿ ಎಳೆದು ತಂದಿತು. ಆಮೇಲೆ ತೇಲುತ್ತಿದ್ದ ಹಲಗೆಗಳನ್ನು ಒಟ್ಟುಮಾಡಿತು.

"ಅವು ನನ್ನವು" ಎಂದಿತು ನರಿ.

"ನನ್ನ ದೋಣಿಯ ತಳಕ್ಕೆ ಬೇಕು. ನೀನು ಹೋಗಿ ಗೂಟ ತಿಕ್ಕು. ಮರಳು ಹಾಕಿ ತಿಕ್ಕು."

ನರಿ ತಿಕ್ಕಿತು. ಜೇನು ಕರಡಿಯೇ ತಿಂದಿತು.

ಈಗಲೂ ದಕ್ಕೆ ನೋಡಲು ಬಂದವರು ಗೂಟದ ಗೆರೆಗಳ ಕಥೆ ಕೇಳುತ್ತಾರೆ. ನರಿ ಉತ್ತರ ಕೊಡುವುದಿಲ್ಲ. ಅದರ ಬಾಯಲ್ಲಿ ಹಗ್ಗ ಇರುತ್ತದೆ.

ನೀತಿ: ಹಿರಿಯರು ಬಿಟ್ಟುಹೋದದ್ದು ಹೊಗಳಿದರೆ ಉಳಿಯುವುದಿಲ್ಲ, ಅವರು ಮಾಡುತ್ತಿದ್ದ ಕೆಲಸವನ್ನು ಮಾಡಿದರೆ ಉಳಿಯುತ್ತದೆ.