ಪರಮಯ್ಯ ಆಚಾರಿಯ ಗೀರು

ಬಹಳ ಹಿಂದೆ, ಹೊಳೆ ಹೋಗಿ ಕಡಲು ಸೇರುವಲ್ಲಿ ಒಂದು ಊರಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದವರಿಗೇ ಗೊತ್ತಿರಲಿಲ್ಲ. ಆ ಊರಲ್ಲಿ ಪರಮಯ್ಯ ಆಚಾರಿ ಅಂತ ಒಬ್ಬ ಬಡಗಿ. ಅವನು ಕೀಸುಳಿ ಹಿಡಿದು ಕೀಸಿದ ಹಲಗೆ ಹತ್ತಿದರೆ ಇರುವೆಯೂ ಜಾರಿ ಬೀಳುತ್ತಿತ್ತಂತೆ. ಹೆಂಗಸರು ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಡುತ್ತಿದ್ದರಂತೆ. ಶಿಷ್ಯರ ಕೈತಪ್ಪಿ ಹಲಗೆಗೆ ಒಂದು ಗೀರು ಬಿದ್ದರೆ ಸಾಕು, ಆವತ್ತು ಅವನಿಗೆ ಊಟ ಸೇರುತ್ತಿರಲಿಲ್ಲವಂತೆ.

ಊರಿಗೆ ಇದ್ದದ್ದು ಒಂದೇ ಕಾರು. ಹೆರಿಗೆ ಸೂಲಗಿತ್ತಿ ದುಗ್ಗಕ್ಕನ ಕೈಮೀರಿದರೆ ಬಸುರಿಯನ್ನು ಪೇಟೆಯ ಆಸ್ಪತ್ರೆಗೆ ಸಾಗಿಸುತ್ತಿದ್ದದ್ದು ಅದರಲ್ಲೇ. ಉಪ್ಪುಗಾಳಿಗೆ ಅದರ ತಗಡೆಲ್ಲ ತುಕ್ಕು ಹಿಡಿದು ಉದುರಿತು. ಎಂಜಿನ್ನು, ಚಕ್ರ ಮಾತ್ರ ಗಟ್ಟಿ. ಮಳೆಗಾಲ ಹತ್ತಿರ ಬಂದಿತ್ತು, ದುಗ್ಗಕ್ಕನ ಮೊಮ್ಮಗಳೇ ತುಂಬು ಬಸುರಿ. ಕಾರು ಬರುವ ಮೊದಲಿನ ಹಾಗೆ ಮತ್ತೆ ಕಂಬಳಿ ಜೋಲಿಯಲ್ಲಿ ಹೊತ್ತು ಸಾಗಿಸಬೇಕೇ ಅಂತ ಊರಿಗೆ ಊರೇ ಹೆದರಿತು. ಆಗ ಪರಮಯ್ಯ, ಕಾರಿಗೆ ಮರದ ಮೈ ಕಟ್ಟಿ ಮೇಲೆ ಫೈಬರ್ ಹೊದಿಸುತ್ತೇನೆ, ಉಪ್ಪೂ ತಿನ್ನುವುದಿಲ್ಲ, ನೀರೂ ಇಳಿಯುವುದಿಲ್ಲ ಅಂದನಂತೆ. ಮರಕ್ಕೆ ಫೈಬರ್ ಅಂಟಿಸಿದವರು ಆ ಸೀಮೆಯಲ್ಲೇ ಯಾರೂ ಇರಲಿಲ್ಲ.

ಹೆಂಗಸೊಬ್ಬಳು ಕಾಲು ಚಾಚಿ ಮಲಗುವಷ್ಟು ಉದ್ದಕ್ಕೆ ಮೈ ಕಟ್ಟಿದ. ತನ್ನ ಹೆಸರಿಗೆ ತಕ್ಕಂತೆ ನುಣ್ಣಗೆ ಕೀಸಿದ. ಗಾಜಿನೆಳೆಯ ಬಟ್ಟೆ ಹಾಸಿ, ಒಣಗಿದರೆ ಕಲ್ಲಾಗುವ ರೆಸಿನ್ ಅಂಟು ಬಳಿದ. ಒಣಗಿದ ಮೇಲೆ ಕಾರು ಎಷ್ಟು ಚೆಂದ ಕಂಡಿತೆಂದರೆ ಜನ ದೃಷ್ಟಿ ತೆಗೆದರಂತೆ. ಆದರೆ ಹೊಂಡದ ದಾರಿಯಲ್ಲಿ ನಾಲ್ಕು ಸಲ ಕುಲುಕಿದ್ದೇ ತಡ, ಫೈಬರ್ ಗಾಯದ ಹಕ್ಕಳೆಯ ಹಾಗೆ ಎದ್ದು ಬಂತು. ಆಚಾರಿ ಸುಮ್ಮನಿರುತ್ತಾನೆಯೇ? ಇನ್ನೂ ನುಣ್ಣಗೆ ಕೀಸಿ ಮತ್ತೆ ಅಂಟಿಸಿದ. ಅದು ಇನ್ನೂ ಬೇಗ ಎದ್ದಿತು.

ದುಗ್ಗಕ್ಕ ಬಂದು ಮರದ ಮೇಲೆ ಅಂಗೈ ಆಡಿಸಿದಳಂತೆ. “ಆಚಾರ್ರೇ, ಹಳೇ ಗೋಡೆಗೆ ಮಣ್ಣು ಮೆತ್ತೂಕೆ ಮೊದ್ಲು ನಾವು ಗೋಡೆ ಗೀರೂದು. ನುಣ್ಣಗಿದ್ರೆ ಮಣ್ಣು ಕಚ್ಚೂದಿಲ್ಲ” ಅಂದಳು.

ಪರಮಯ್ಯನ ಮುಖ ಕೆಂಪಾಯಿತು. ಮಣ್ಣಿನ ಗೋಡೆಯೂ ತನ್ನ ಮರವೂ ಒಂದೇನಾ ಅಂತ ರೇಗಿ ಅವಳನ್ನು ಕಳಿಸಿಬಿಟ್ಟ. ಆದರೆ ಮಾತು ಒಳಗೆ ಹೊಕ್ಕಿತ್ತು. ಜೋಲಿಯಲ್ಲಿ ಹೊತ್ತುಕೊಂಡು ಹೋಗಿ ಬರಿಗೈಯಲ್ಲಿ ಮರಳಿದವರ ಮುಖವನ್ನು ಅವನೂ ಕಂಡವನೇ. ಕೊನೆಗೆ ಒರಟು ಅರ ತೆಗೆದುಕೊಂಡು, ತಾನೇ ಕೀಸಿದ ಆ ಮೈಯನ್ನು ಅಡ್ಡಕ್ಕೂ ಉದ್ದಕ್ಕೂ ತಾನೇ ಗೀರಿದ. ಕಣ್ಣಲ್ಲಿ ನೀರಿತ್ತು ಅಂತಾರೆ. ಮರದ ಹುಡಿ ಬಿದ್ದದ್ದು ಅಂತ ಕೆಲವರು. ಅತ್ತ ಅಂತಲೇ ನಾನು ಹೇಳುವುದು, ಅಳದೆ ಆಗುವ ಕೆಲಸವೇ ಅದು?

ಈ ಸಲ ಅಂಟಿಸಿ ಒಣಗಿದ ಮೇಲೆ, ಅಂಚಿಗೆ ಹಾರೆ ತೂರಿಸಿ ಅವನೇ ಮೀಟಿದ. ಮರ ಸಿಬಿರೆದ್ದಿತು, ಫೈಬರ್ ಬಿಡಲಿಲ್ಲ. ದುಗ್ಗಕ್ಕನ ಮನೆಗೆ ಹೋಗಿ ಅಂಗಳದಲ್ಲೇ ನಿಂತು, “ದುಗ್ಗಕ್ಕಾ, ಕಚ್ಚಿತು” ಅಂದನಂತೆ.

ಆ ಮಳೆಗಾಲ ಮೊಮ್ಮಗಳಿಗೆ ನೋವು ಕಾಣಿಸಿದ ದಿನ ಪೇಟೆ ದಾರಿಯ ಹಳ್ಳ ತುಂಬಿ ಹರಿಯುತ್ತಿತ್ತು. ಕಾರು ದೋಣಿಯ ಹಾಗೆ ತೇಲಿ ಆಚೆ ದಡ ಸೇರಿತಂತೆ. ನಂಬದವರು ನಂಬಬೇಡಿ. ಆದರೆ ಒಳಗೆ ಮಲಗಿದ್ದವಳ ಸೆರಗಿನ ತುದಿಯೂ ನೆನೆದಿರಲಿಲ್ಲ, ತಾಯಿ ಮಗು ಇಬ್ಬರೂ ಅದೇ ಕಾರಿನಲ್ಲಿ ಮನೆಗೆ ಬಂದರು. ಅವಳಾದ ಮೇಲೆ ಎಷ್ಟೋ ಜನ ಹಾಗೇ ಹೋಗಿ ಹಾಗೇ ಬಂದರು.

ಈಗ ಆ ಕಾರಿಲ್ಲ, ಆಚಾರಿಯೂ ಇಲ್ಲ. ಆದರೆ ಅಲ್ಲಿ ಇವತ್ತಿಗೂ ದೋಣಿಗಾಗಲಿ ಗಾಡಿಗಾಗಲಿ ಮರದ ಮೈ ಕಟ್ಟಿದರೆ, ರೆಸಿನ್ ಕಲಸುವ ಮೊದಲು ಊರಿನ ಹೆತ್ತ ತಾಯಿಯೊಬ್ಬಳನ್ನು ಕರೆದು ಕೈಗೆ ಅರ ಕೊಡುತ್ತಾರೆ. ಮೊದಲ ಗೀರು ಅವಳದು. ಅದಕ್ಕೆ ಆಚಾರಿ ಗೀರು ಅಂತಲೇ ಹೆಸರು. ಅದನ್ನು ಕಂಡು ಹುಬ್ಬು ಗಂಟಿಕ್ಕಿದ ಬಡಗಿಗೆ ಆ ಊರಲ್ಲಿ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ.