ತಂಗಿಯ ಸರದಿಯಲ್ಲಿ ನಿಂತ ಕಂಪ್ಯೂಟರ್

“ಬುದ್ಧಿ, ತಪ್ಪಾಯಿತು ಎಂದು ಕೈಮುಗಿದು ಕೇಳಿಕೊಂಡೆ. ಅವನೂ ಆಯಿತು ಬಿಡಿ ಎಂದ. ಆದರೂ ಎಲ್ಲ ಮೊದಲಿನಂತೆ ಏಕೆ ಆಗುವುದಿಲ್ಲ?”

ಹಿರಿಯ ಸ್ವಾಮಿಗಳನ್ನು ಹೀಗೆ ಕೇಳಿದವನು ಶಂಭುಲಿಂಗ. ಮಠದ ಸಂಜೆಯ ಭಜನೆಗೆ ಹಾರ್ಮೋನಿಯಂ ನುಡಿಸುವ ಶಿಷ್ಯ. ಹಿಂದಿನ ವಾರ ಅವನು ಹಾಡುಗಾರ ಗುರುಬಸವನನ್ನು ಎಲ್ಲರ ಎದುರು ಜರೆದಿದ್ದ. ನಿನ್ನ ಗಂಟಲಿಗೆ ಶ್ರುತಿಯೇ ಇಲ್ಲ ಎಂದಿದ್ದ. ಆಮೇಲೆ ನೋಡಿದರೆ ಶ್ರುತಿ ತಪ್ಪಿದ್ದು ಹಾರ್ಮೋನಿಯಂ. ಹೋಗಿ ಕ್ಷಮೆ ಕೇಳಿದ. ಗುರುಬಸವ ನಕ್ಕು ಅವನ ಹೆಗಲು ತಟ್ಟಿದ. ಆದರೆ ಅಂದಿನಿಂದ ಭಜನೆಯಲ್ಲಿ ಗುರುಬಸವನ ತುಟಿ ಅಲ್ಲಾಡುತ್ತಿತ್ತೇ ಹೊರತು ದನಿ ಬರುತ್ತಿರಲಿಲ್ಲ. ಶಂಭುಲಿಂಗನಿಗೆ ಊಟ ಸೇರುತ್ತಿರಲಿಲ್ಲ.

ಮಠದ ಹಿರಿಯ ಸ್ವಾಮಿಗಳಿಗೆ ಹಾಸ್ಟೆಲಿನ ಕಂಪ್ಯೂಟರ್ ಕೋಣೆಯಲ್ಲಿ ಕೂತು ಮಕ್ಕಳ ಆಟ ನೋಡುವ ಚಟವಿತ್ತು. ಅವರ ದೃಷ್ಟಾಂತಗಳಲ್ಲಿ ಎತ್ತು, ನೇಗಿಲು ಬರುವಷ್ಟೇ ಸಲೀಸಾಗಿ ಕೀಬೋರ್ಡೂ ಬರುತ್ತಿತ್ತು. “ಕೂತುಕೋ ಮಗಾ. ನಿಂತು ಕೇಳುವ ಕತೆಯಲ್ಲ ಇದು,” ಎಂದು ಶುರುಮಾಡಿದರು.

ಒಬ್ಬ ಅಣ್ಣನಿದ್ದ. ಅವನಿಗೊಬ್ಬಳು ತಂಗಿ. ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರ್. ಅದರಲ್ಲಿ ಇಬ್ಬರೂ ಕಾರು ಓಡಿಸುವ ಆಟ ಆಡುತ್ತಿದ್ದರು. ಜೋಡಿ ಆಟ ಅದು. ಅರ್ಧ ದಾರಿ ಒಬ್ಬರು ಓಡಿಸಬೇಕು, ಉಳಿದರ್ಧ ಇನ್ನೊಬ್ಬರು. ಅಣ್ಣ ದೊಡ್ಡವನಲ್ಲವೇ, ಯಾವಾಗಲೂ ಮೊದಲು ಅವನೇ ಕೂರುತ್ತಿದ್ದ. ತಂಗಿಗೆ ಎರಡನೆಯ ಸರದಿ. ನಿಜ ಹೇಳಬೇಕೆಂದರೆ ಆಟ ಬರುತ್ತಿದ್ದುದು ಅವಳಿಗೆ. ಅಣ್ಣ ಗೋಡೆಗೆ ಗುದ್ದುವ ತಿರುವುಗಳನ್ನು ಅವಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾಟುತ್ತಿದ್ದಳು. ಅಣ್ಣನಿಗೆ ಅದರ ಹೆಮ್ಮೆಯೂ ಇತ್ತು. ನನ್ನ ತಂಗಿ ಕೂತಳೆಂದರೆ ಹಿಂದೆ ಬಿದ್ದವರು ಹಿಂದೆಯೇ ಎಂದು ಗೆಳೆಯರ ಮುಂದೆ ಜಂಬ ಕೊಚ್ಚುತ್ತಿದ್ದ.

ಆಯುಧಪೂಜೆ ಬಂತು. ಅಣ್ಣ ಕಂಪ್ಯೂಟರಿನ ಪೆಟ್ಟಿಗೆಯನ್ನು ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟ. ಅದರ ನೆತ್ತಿಯ ಮೇಲೆ ಸೇವಂತಿಗೆ ಹಾರ ಸುತ್ತಿ, ಬಿಗಿಯಾಗಿ ಗಂಟು ಹಾಕಿದ. ಕೈತುಂಬ ಅಕ್ಷತೆ ಸುರಿದು ಅಡ್ಡಬಿದ್ದ. ಭಕ್ತಿಯೇನೋ ಸರಿಯಪ್ಪಾ. ಆದರೆ ಆ ಪೆಟ್ಟಿಗೆಯ ನೆತ್ತಿಯಲ್ಲಿ ಗಾಳಿಯಾಡಲು ಜಾಲರಿ ಇರುತ್ತದೆ ಎಂಬುದು ಭಕ್ತನಿಗೆ ನೆನಪಾಗಲಿಲ್ಲ. ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಪೂಜೆಗೆ ಏರಿಸಿದ ಹೂವನ್ನು ಕೀಳಬಾರದು, ಒಣಗಿ ತಾನಾಗಿ ಉದುರಬೇಕು. ಹಾಗೇ ಬಿಟ್ಟರು. ಹಾರ ಒಣಗಿತು, ಉದುರಿತು.

ದಸರೆ ಕಳೆದ ಮೇಲೆ ಕಂಪ್ಯೂಟರ್ ಮೊದಲ ಸಲ ನಿಂತಿತು. ಅಣ್ಣ ತನ್ನರ್ಧ ಓಡಿಸಿ ಎದ್ದ. ತಂಗಿ ಕೂತಳು. ಸ್ವಲ್ಪ ಹೊತ್ತಿಗೆ ಪರದೆ ಹ್ಯಾಂಗ್ ಆಯಿತು. ಕಾರು ತಿರುವಿನಲ್ಲಿ ಕಲ್ಲಾಯಿತು, ಮೌಸ್ ಅಲ್ಲಾಡಲಿಲ್ಲ. ಆಫ್ ಮಾಡಿ ಆನ್ ಮಾಡಿದರು. ಮರುದಿನವೂ ಅದೇ ಹಾಡು. ಅಣ್ಣನ ಕೈಯಲ್ಲಿ ಓಡುವುದು, ತಂಗಿ ಕೂತರೆ ನಿಲ್ಲುವುದು.

ಅಣ್ಣ ಸುಮ್ಮನೆ ಕೂರಲಿಲ್ಲ, ಪಾಪ. ಗೇಮ್ ಅಳಿಸಿ ಮತ್ತೆ ಹಾಕಿದ. ವೈರಸ್ ಹುಡುಕಿದ. ಯುಪಿಎಸ್ ಬದಲಿಸಿದ, ವೈರು ಬದಲಿಸಿದ. ಕೊನೆಗೆ ಇರುವುದೆಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ಇಷ್ಟೆಲ್ಲ ಮಾಡುವ ಹೊತ್ತಿಗೆ ಯಂತ್ರ ತಣ್ಣಗಾಗಿರುತ್ತಿತ್ತು. ಮತ್ತೆ ಅಣ್ಣನೇ ಮೊದಲು ಕೂರುತ್ತಿದ್ದ. ಚೆನ್ನಾಗಿ ಓಡುತ್ತಿತ್ತು. ನೋಡಿದೆಯಾ, ಸರಿಹೋಯಿತು ಎನ್ನುತ್ತಿದ್ದ. ಆಮೇಲೆ ತಂಗಿ ಕೂರುತ್ತಿದ್ದಳು, ಅದು ನಿಲ್ಲುತ್ತಿತ್ತು.

ಒಂದು ದಿನ ತಂಗಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದಳು.

“ಅಣ್ಣಾ, ಇದು ದೋಸೆ ಹೆಂಚಿನ ಥರ ಕಾದಿದೆ ಕಣೋ. ಒಂದ್ಸಲ ಮುಚ್ಚಳ ಬಿಚ್ಚಿ ನೋಡೋಣ.”

“ಪೂಜೆ ಮಾಡಿರೋ ಪೆಟ್ಟಿಗೆ, ಕುಂಕುಮ ಇನ್ನೂ ಹಾಗೇ ಇದೆ. ಬಿಚ್ಚಬೇಕಂತೆ! ನೀನು ಕೀಬೋರ್ಡ್ ಕುಟ್ಟೋದು ಕಮ್ಮಿ ಮಾಡು, ಸಾಕು.”

ತಂಗಿ ಕುಟ್ಟುವುದನ್ನು ನಿಜವಾಗಿಯೂ ಕಮ್ಮಿ ಮಾಡಿದಳು. ಬೆರಳ ತುದಿಯಿಂದ ಹೆದರಿ ಹೆದರಿ ಒತ್ತತೊಡಗಿದಳು. ಅಷ್ಟು ಹೊತ್ತಿಗೆ ಜೋಡಿ ಸ್ಪರ್ಧೆಯ ದಿನ ಬಂತು. ತಾಲ್ಲೂಕಿನ ಜೋಡಿಗಳೆಲ್ಲ ತಂತಮ್ಮ ಮನೆಯಿಂದಲೇ ಆಡಬೇಕು. ಗೆದ್ದವರು ಮೈಸೂರಿನ ದೊಡ್ಡ ಸ್ಪರ್ಧೆಗೆ ಹೋಗಬಹುದು. ತಂಗಿ ಅದಕ್ಕಾಗಿ ಬಾಯಿ ಬಾಯಿ ಬಿಡುತ್ತಿದ್ದಳು. ಮೈಸೂರಿಗೆ ಹಾಕಿಕೊಂಡು ಹೋಗುವ ಬಟ್ಟೆಯನ್ನೂ ಎತ್ತಿಟ್ಟಿದ್ದಳು.

ಅಣ್ಣನ ಗೆಳೆಯರೆಲ್ಲ ಮನೆಯಲ್ಲಿ ಸೇರಿದರು. ಅಣ್ಣ ತನ್ನರ್ಧ ಓಡಿಸಿದ, ಹಿಂದೆ ಬಿದ್ದ. ತಂಗಿ ಕೂತಳು. ಆ ದಿನ ಹೆದರಿಕೆಯೆಲ್ಲ ಮರೆತಳು. ಒಂದೊಂದೇ ಕಾರನ್ನು ಹಿಂದೆ ಹಾಕುತ್ತಾ ಬಂದಳು. ಕೊನೆಯ ತಿರುವಿನಲ್ಲಿ ಮುಂದಿದ್ದವನನ್ನೂ ದಾಟಿದಳು. ಗೆಳೆಯರು ಹೋ ಎಂದು ಕೂಗಿದರು. ಆಗಲೇ ಪರದೆ ನಿಂತುಹೋಯಿತು.

ಅಣ್ಣನ ತಲೆ ಕೆಟ್ಟಿತು. ನಿಂತದ್ದು ಯಂತ್ರ, ಕೈಗೆ ಸಿಕ್ಕವಳು ತಂಗಿ.

“ಥೂ, ದರಿದ್ರ ಕೈ ಕಣೇ ನಿಂದು! ನೀನು ಮುಟ್ಟಿದ್ದೆಲ್ಲ ಹಾಳಾಗುತ್ತೆ!”

ಗೆಳೆಯರು ನೆಲ ನೋಡಿದರು. ತಂಗಿ ಕೀಬೋರ್ಡಿನಿಂದ ಎರಡೂ ಕೈ ಎತ್ತಿದಳು. ಅಂಗೈ ತಿರುಗಿಸಿ ನೋಡಿಕೊಂಡಳು. ಎದ್ದು ಒಳಗೆ ಹೋದಳು. ಅಳಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅಣ್ಣನಿಗೆ ಆಮೇಲೆ ಅನ್ನಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಬೈಸಿಕೊಂಡವಳು ಕುಣಿಯಬಲ್ಲವಳು.

ಅಂದಿನಿಂದ ತಂಗಿ ಆ ಕುರ್ಚಿಯಲ್ಲಿ ಕೂರಲಿಲ್ಲ. ಅಣ್ಣ ಒಬ್ಬನೇ ಎರಡೂ ಅರ್ಧ ಓಡಿಸತೊಡಗಿದ. ಮೊದಲರ್ಧ ಓಡಿತು. ಎರಡನೆಯರ್ಧದಲ್ಲಿ ಅವನ ಕೈಯಲ್ಲೇ ಆಟ ನಿಂತಿತು. ಬಾಯಿ ತೆರೆದು ಹಿಂದಕ್ಕೆ ತಿರುಗಿದ. ಬೈಯಲು ಯಾರೂ ಇರಲಿಲ್ಲ. ಆಗ ನಾಚಿಕೆಯಾಯಿತು ನೋಡು. ಕುಂಕುಮ ಒರೆಸಿ ಸ್ಕ್ರೂ ಬಿಚ್ಚಿದ.

ಒಳಗಿನ ಫ್ಯಾನಿಗೆ ಹಾರದ ದಾರ ಸುತ್ತಿಕೊಂಡಿತ್ತು. ಸೇವಂತಿಗೆಯ ಎಸಳು ಒಣಗಿ ಪುಡಿಯಾಗಿ ರೆಕ್ಕೆಗಳ ನಡುವೆ ತುಂಬಿತ್ತು. ಅಕ್ಷತೆ ಕಾಳುಗಳು ಸಂದುಗಳಲ್ಲಿ ಸಿಕ್ಕಿದ್ದವು. ದಾರಕ್ಕೆ ತಾನು ಹಾಕಿದ್ದ ಗಂಟು ಹಾಗೇ ಇತ್ತು. ಅದನ್ನು ಗುರುತು ಹಿಡಿಯಲು ಅವನಿಗೆ ಯಾರೂ ಬೇಕಾಗಲಿಲ್ಲ.

ಯಂತ್ರವನ್ನು ಕಾಯಿಸುತ್ತಿದ್ದವನು ತಾನು. ಕಾದ ಯಂತ್ರದ ಮುಂದೆ ಬಂದು ಕೂರುತ್ತಿದ್ದವಳು ತಂಗಿ. ಅವಳು ಮೊದಲು ಕೂತು ತಾನು ಆಮೇಲೆ ಕೂತಿದ್ದರೆ ಅದು ತನ್ನ ಕೈಯಲ್ಲೇ ನಿಲ್ಲುತ್ತಿತ್ತು. ಒಂದು ದಿನ, ಒಂದೇ ಒಂದು ದಿನ ಸರದಿ ಬದಲಿಸಿ ನೋಡಿದ್ದರೆ ಸಾಕಿತ್ತು. ಏನೇನೆಲ್ಲ ಬದಲಿಸಿದ, ಅದೊಂದನ್ನು ಬದಲಿಸಲಿಲ್ಲ. ಪೆಟ್ಟಿಗೆ ತಬ್ಬಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

“ತಪ್ಪಾಯ್ತು ಪುಟ್ಟಿ. ಹಾಳು ಮಾಡಿದ್ದು ನಾನು, ನೀನಲ್ಲ.”

“ಅಯ್ಯೋ ಬಿಡಣ್ಣಾ, ಅದನ್ನೆಲ್ಲ ಯಾರು ಮನಸ್ಸಲ್ಲಿ ಇಟ್ಕೋತಾರೆ!” ತಂಗಿ ನಕ್ಕಳು. ಆ ನಗುವಿನಲ್ಲಿ ಕಪಟವಿರಲಿಲ್ಲ. ಅಣ್ಣನಿಗೆ ಲೋಟ ತುಂಬ ಕಾಫಿ ಕೊಟ್ಟಳು.

ಅಣ್ಣ ಫ್ಯಾನು ಶುಚಿ ಮಾಡಿದ. ಅಂದಿನಿಂದ ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ಕುರ್ಚಿ ಎಳೆದು, ಇನ್ನು ಮೇಲೆ ಮೊದಲು ನೀನೇ ಕೂರು ಎಂದು ಕರೆದ. ನೀನು ಆಡು ಅಣ್ಣಾ, ನಾನು ನೋಡುತ್ತೇನೆ ಎಂದಳು. ಪಕ್ಕದಲ್ಲಿ ಕೂತು ನೋಡಿದಳು, ಅವನು ಗೋಡೆಗೆ ಗುದ್ದಿದರೆ ನಕ್ಕಳು, ಗೆದ್ದರೆ ಚಪ್ಪಾಳೆ ಹೊಡೆದಳು. ಒಮ್ಮೆ ಆಟದ ನಡುವೆ ಅವನು, ಆ ವೈರು ಸ್ವಲ್ಪ ಸಿಕ್ಕಿಸು ಪುಟ್ಟಿ ಎಂದ. ಅವಳು ಎದ್ದಳು. ಕೈ ಚಾಚಿದಳು. ಕೈ ಅರ್ಧದಲ್ಲೇ ನಿಂತಿತು. ಅದನ್ನು ಲಂಗಕ್ಕೆ ಒರೆಸಿಕೊಂಡು, ನೀನೇ ಸಿಕ್ಕಿಸಿಕೋ ಅಣ್ಣಾ ಎಂದಳು. ಮನೆಗೆ ಹೊಸ ಮಿಕ್ಸಿ ಬಂದಾಗಲೂ ಅಷ್ಟೇ. ಅಮ್ಮ ಕರೆದರೂ ದೂರವೇ ನಿಂತಳು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಶಂಭುಲಿಂಗನ ಕಣ್ಣ ಮುಂದೆ ಗುರುಬಸವನ ಅಲ್ಲಾಡುವ ತುಟಿ ಬಂತು.

“ಹಾಗಾದರೆ ಅವಳು ಅಣ್ಣನನ್ನು ಕ್ಷಮಿಸಲೇ ಇಲ್ಲವೇ ಬುದ್ಧಿ?”

“ಅಣ್ಣನನ್ನು ಅಂದೇ ಕ್ಷಮಿಸಿದಳು ಮಗಾ, ಆದರೆ ಅಷ್ಟರಲ್ಲಿ ಅವನ ಮಾತನ್ನು ನಂಬಿಬಿಟ್ಟಿದ್ದಳು.”